ಹಂಚಿನ ದುಡ್ಡು

ಊರಿನಿಂದ ವಾಪಸು ಬಂದ ಮರುದಿನ ಬೆಳಿಗ್ಗೆ, ಮನೆ ಮುಂದೆ ನೀಲಿ ಟಾರ್ಪಾಲು ಹೊದ್ದು ನಿಂತಿದ್ದ ಫೆರೆಟ್‌ನ ಮೇಲಿನ ಮುಚ್ಚಳ ಎತ್ತಿದೆ. ಒಳಗೆ ಟಾರ್ಚು ಬಿಟ್ಟರೆ ಬೆಳಕು ನನ್ನ ಮುಖಕ್ಕೇ ತಿರುಗಿ ಬಂತು. ಚಾಲಕನ ಸೀಟಿನ ಕೆಳಗೆಲ್ಲ ನೀರು, ನೀರಿನ ಮೇಲೆ ತೆಳ್ಳನೆಯ ಮಂಜುಗಡ್ಡೆ. ಕಡ್ಡಿ ಇಳಿಸಿ ಅಳೆದೆ: ನಾಲ್ಕೂವರೆ ಇಂಚು. ತಂಗಿ ಮಗಳ ಮದುವೆಗೆಂದು ತೀರ್ಥಹಳ್ಳಿಗೆ ಹೋಗಿ ಐದು ವಾರ ಇದ್ದು ಬಂದಿದ್ದೆವು. ಅದು 2017ರ ಜನವರಿ. ಗಾಡಿ ಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ.

ಫೆರೆಟ್ ಎಂದರೆ ಬ್ರಿಟಿಷ್ ಸೇನೆಯ ಪುಟ್ಟ ಗಸ್ತು ಗಾಡಿ. ನಾಲ್ಕು ಚಕ್ರ, ಸುತ್ತ ಉಕ್ಕಿನ ಕವಚ, ನಾಲ್ಕು ಟನ್ನಿನ ಆಸುಪಾಸು ತೂಕ. 1952ರಿಂದ 1971ರವರೆಗೆ ಇದನ್ನು ತಯಾರಿಸಿದ್ದು ಡೈಮ್ಲರ್ ಕಂಪನಿ, ನಾನು ಇಪ್ಪತ್ತು ವರ್ಷದಿಂದ ಬಾಳುತ್ತಿರುವ ಇದೇ ಕೋವೆಂಟ್ರಿ ನಗರದಲ್ಲಿ. ನಮ್ಮ ದೇಶದ ಸೇನೆಯಲ್ಲೂ ಫೆರೆಟ್ ಇತ್ತು. ನನ್ನ ಚಿಕ್ಕಪ್ಪ ಅದನ್ನು ಓಡಿಸಿದವರು. ರಜೆಗೆ ಬಂದಾಗ ಜಗಲಿಯಲ್ಲಿ ಕೂತು, ಐದು ಗೇರಿನಲ್ಲಿ ಮುಂದಕ್ಕೆ ಹೋದಷ್ಟೇ ಸಲೀಸಾಗಿ ಐದು ಗೇರಿನಲ್ಲಿ ಹಿಂದಕ್ಕೂ ಓಡುವ ಗಾಡಿ ಎಂದು ಅವರು ಹೇಳುತ್ತಿದ್ದರೆ ನಾವು ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದೆವು. ಅವರು ತೀರಿಕೊಂಡ ಮೂರನೇ ವರ್ಷ, ಇಲ್ಲಿ ಒಬ್ಬರು 1959ರ ಫೆರೆಟ್ ಮಾರುತ್ತಾರೆಂದು ತಿಳಿದು ಕೊಂಡೆ. ಬೆಲೆ 14,000 ಪೌಂಡ್.

ಕೊಳ್ಳುವಾಗ ನಾನು ಹಾಕಿದ ಲೆಕ್ಕ ಇಷ್ಟೇ. 40 ವರ್ಷ ದಾಟಿದ ವಾಹನಕ್ಕೆ ಇಲ್ಲಿ ರಸ್ತೆ ತೆರಿಗೆ ಇಲ್ಲ. 1960ಕ್ಕೆ ಮೊದಲು ತಯಾರಾದದ್ದಕ್ಕೆ ಎಂ.ಒ.ಟಿ. ಎನ್ನುವ ವಾರ್ಷಿಕ ತಪಾಸಣೆಯ ಕಡ್ಡಾಯವೂ ಆಗ ಇರಲಿಲ್ಲ. ವರ್ಷಕ್ಕೆ ಓಡಿಸುವುದು ಹೆಚ್ಚೆಂದರೆ ಐನೂರು ಮೈಲಿ, ಪೆಟ್ರೋಲಿನ ಖರ್ಚು ಗೊತ್ತೇ ಇದೆ. ಸರ್ಕಾರಕ್ಕೆ ಕೊಡುವುದು ಸೊನ್ನೆಯಾದ ಕೂಡಲೇ ಇಟ್ಟುಕೊಳ್ಳುವ ಖರ್ಚೂ ಸೊನ್ನೆಯ ಹತ್ತಿರವೇ ಇರುತ್ತದೆಂದು ನಂಬಿದೆ. ನೀರನ್ನು ಆ ಲೆಕ್ಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಆ ನಾಲ್ಕೂವರೆ ಇಂಚಿನ ಬಿಲ್ಲು ಹೀಗಿತ್ತು. ಎರಡು ಬ್ಯಾಟರಿ 280 ಪೌಂಡ್, ಸೆಲ್ಫ್ ಮೋಟಾರಿನ ರಿವೈಂಡಿಂಗ್ 340, ವೈರಿಂಗ್ 620, ಸೀಟಿನ ದಿಂಬು 90, ತಳ ಬಿಚ್ಚಿ ಕೆರೆದು ಬಣ್ಣ ಹೊಡೆದ ಕೂಲಿ 480. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೆವೆಲ್ ಬಾಕ್ಸುಗಳದ್ದು. ಫೆರೆಟ್‌ನಲ್ಲಿ ಚಕ್ರ ತಿರುಗಿಸುವ ಶಾಫ್ಟುಗಳು ಲಾರಿಯ ಹಾಗೆ ಹೊರಗೆ ಇರುವುದಿಲ್ಲ, ಕವಚದೊಳಗೇ ಎಡಬಲಕ್ಕೆ, ತಳಕ್ಕೆ ಅಂಟಿಕೊಂಡಂತೆ ಸಾಗಿ ನಾಲ್ಕು ಮೂಲೆಯಲ್ಲಿ ಬೆವೆಲ್ ಬಾಕ್ಸು ಎಂಬ ಗೇರ್ ಪೆಟ್ಟಿಗೆಗಳನ್ನು ಸೇರುತ್ತವೆ. ನೀರು ಮೊದಲು ಮುಳುಗಿಸುವುದು ಅವನ್ನೇ. ಎರಡರಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ 1,150. ಒಟ್ಟು 2,960 ಪೌಂಡ್. ಕೊಂಡ ಬೆಲೆಯ ಐದನೇ ಒಂದು ಪಾಲಿಗಿಂತ ಹೆಚ್ಚು.

ವಿಮೆಯವರನ್ನು ಕೇಳಿದೆ. ಕಳ್ಳತನ, ಬೆಂಕಿ, ಅಪಘಾತ ಎಲ್ಲ ಇತ್ತು. ತುಕ್ಕು, ಸವೆತ, ನಿಧಾನಕ್ಕೆ ಇಳಿದ ತೇವ ಪಾಲಿಸಿಯ ಹೊರಗೆ. ಅದು ಅಲ್ಲೇ ಮೂರನೇ ಪುಟದಲ್ಲಿ ಅಚ್ಚಾಗಿತ್ತು, ನಾನು ಓದಿರಲಿಲ್ಲ.

ರಿಪೇರಿ ಮಾಡಿದವರು ಸೇನೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರು. ಅವರಿಗೆ ನಾನು ಮೊದಲು ಕೇಳಿದ್ದು ಇದನ್ನೇ: ಮೂರಡಿ ಆಳದ ಹೊಳೆಯನ್ನು ಏನೂ ಸಿದ್ಧತೆ ಇಲ್ಲದೆ ದಾಟುವ ಗಾಡಿ, ಎಂಜಿನ್ನಿನ ಇಗ್ನಿಷನ್ನಿಗೂ ನೀರು ತಾಗದಂತೆ ಕವಚ ಹಾಕಿದ ಗಾಡಿ, ಮನೆ ಮುಂದೆ ನಿಂತಲ್ಲೇ ಮುಳುಗಿದ್ದು ಹೇಗೆ? ಅವರು ನೆಲಕ್ಕೆ ಬಗ್ಗಿ ತಳದ ಬಿರಡೆಯೊಂದನ್ನು ತೋರಿಸಿದರು. ಹಳೆಯ ಮಾಲೀಕರು ಯಾವಾಗಲೋ ಬಳಿದ ಬಣ್ಣ ಅದರ ಸುತ್ತ ಕಲ್ಲಾಗಿತ್ತು. ಕೆಳಗಿನಿಂದ ನೀರು ಬಾರದಂತೆ ಬೆಸೆದ ತಳ ಇದು, ಮೇಲಿನಿಂದ ಬಂದ ನೀರನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತದೆ ಎಂದರು. ಸೇನೆಯಲ್ಲಿ ಗಾಡಿ ದಿನಾ ಓಡುತ್ತಿತ್ತು, ಎಂಜಿನ್ನಿನ ಕಾವಿಗೆ ಒಳಗಿನ ತೇವ ಆರುತ್ತಿತ್ತು, ಬಿರಡೆ ಬಿಚ್ಚಿ ತಳ ಬರಿದು ಮಾಡುವ ಹುಡುಗರಿದ್ದರು. ನನ್ನ ಮನೆ ಮುಂದೆ ಅದಕ್ಕೆ ಇದ್ದವನು ನಾನೊಬ್ಬ, ನಾನೂ ಊರಿಗೆ ಹೋಗಿದ್ದೆ.

ಈಗ ಗಾಡಿ ನಿಂತಿರುವಾಗ ಬಿರಡೆಗಳು ಬಿಚ್ಚಿಯೇ ಇರುತ್ತವೆ. ಒಂದು ಬಟ್ಟೆ ಚೀಲದಲ್ಲಿ ಹಾಕಿ ಸ್ಟಿಯರಿಂಗಿಗೆ ಕಟ್ಟುತ್ತೇನೆ, ಹೊರಡುವಾಗ ಕೈಗೆ ಸಿಗಲೇಬೇಕು ಎಂದು. ಇದಕ್ಕೆ ತಗಲಿದ ಖರ್ಚು ಏನೂ ಇಲ್ಲ.

ಆ ಹಿರಿಯರು ಹೇಳಿದ ಎರಡನೆಯ ಮಾತನ್ನು ಒಪ್ಪಿಕೊಳ್ಳಲು ನನಗೆ ಸಮಯ ಬೇಕಾಯಿತು. ಆ ನೀರಿನಲ್ಲಿ ಒಂದು ಪಾಲು ಮಳೆಯೇ ಅಲ್ಲ ಎಂದರು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಿನ ಆವಿ ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 5 ಡಿಗ್ರಿಗೆ ಇಳಿದರೆ 7 ಗ್ರಾಂ ಮಾತ್ರ. ಉಳಿದದ್ದು ಎಲ್ಲಾದರೂ ಇಳಿಯಬೇಕು. ನಾಲ್ಕು ಟನ್ ಉಕ್ಕು ರಾತ್ರಿಯಿಡೀ ತಣ್ಣಗಾಗಿ, ಬೆಳಿಗ್ಗೆ ಹೊರಗಿನ ಗಾಳಿ ಬೆಚ್ಚಗಾದರೂ ತಾನು ಬೆಚ್ಚಗಾಗದೆ ಕೂತಿರುತ್ತದೆ. ಒಳಗೋಡೆಯ ಮೇಲೆ ಆವಿ ಹನಿಗಟ್ಟಿ ಇಳಿಯುತ್ತದೆ. ನಾನು ಹೊದಿಸಿದ್ದ ಪ್ಲಾಸ್ಟಿಕ್ ಟಾರ್ಪಾಲು ಗಾಳಿಯಾಡಲು ಬಿಡದೆ ಆ ತೇವವನ್ನೆಲ್ಲ ಅಲ್ಲೇ ಕೂಡಿಹಾಕಿತ್ತು. ನಲವತ್ತು ಪೌಂಡಿನ ಆ ಹೊದಿಕೆ ಎರಡು ಕೆಲಸ ಮಾಡಿತು: ಗಾಳಿ ಬೀಸಿದಾಗಲೆಲ್ಲ ಉಜ್ಜಿ ಉಜ್ಜಿ ಟರೆಟ್ಟಿನ ಬಣ್ಣ ಕಿತ್ತಿತು, ಒಳಗೆ ಮಳೆ ಸುರಿಸಿತು.

ಇದನ್ನು ಕೇಳಿಸಿಕೊಳ್ಳುತ್ತ ನನಗೆ ನೆನಪಾದದ್ದು ಅಪ್ಪಯ್ಯ. ನಮ್ಮ ಮನೆ ಹಂಚಿನದು. ಯುಗಾದಿ ಕಳೆದು ಅಡಿಕೆ ದುಡ್ಡು ಕೈಗೆ ಬಂದಾಗ, ಅದರಲ್ಲಿ ಒಂದಿಷ್ಟನ್ನು ಅವರು ಮೊದಲೇ ತೆಗೆದು ದೇವರ ಕೋಣೆಯ ಡಬ್ಬದಲ್ಲಿ ಇಡುತ್ತಿದ್ದರು. ಮಾಡು ಹತ್ತಿ ಹಂಚು ಕೈಯಾಡಿಸುವವರ ಕೂಲಿ, ಒಡೆದದ್ದಕ್ಕೆ ಹೊಸ ಹಂಚು, ಎರಚಲು ಹೊಡೆಯುವ ಪಡುವಣ ಗೋಡೆಗೆ ಸೋಗೆ ತಟ್ಟಿ. ಮಳೆ ಹಿಡಿಯುವ ಮೊದಲು ಇಷ್ಟೂ ಮುಗಿಯಬೇಕು. ಅಮ್ಮ ಒಂದು ವರ್ಷ ಅದರಿಂದ ಕಂಚಿನ ಹಂಡೆ ಕೊಳ್ಳೋಣ ಎಂದಾಗ ಅಪ್ಪಯ್ಯ, "ಅದು ಹಂಚಿನ ದುಡ್ಡು ಮಾರಾಯ್ತಿ, ಮುಟ್ಟಬೇಡ" ಎಂದಿದ್ದರು. ಮಾಡು ಸೋರಿದರೆ ಅಟ್ಟದ ಅಡಿಕೆಗೆ ಬೂಷ್ಟು ಬರುತ್ತದೆ, ಬೂಷ್ಟು ಬಂದ ಅಡಿಕೆಯನ್ನು ಮಂಡಿಯಲ್ಲಿ ಕೇಳುವವರಿಲ್ಲ. ಆ ಡಬ್ಬದ ದುಡ್ಡು ಇಡೀ ವರ್ಷದ ಆದಾಯವನ್ನು ಕಾಯುತ್ತಿತ್ತು.

ರಿಪೇರಿಯಾಗಿ ಬಂದ ಗಾಡಿಗೆ ನಾನು ಹೊಸ ಬಣ್ಣ ಹೊಡೆಸಲು ಹೊರಟಿದ್ದೆ. ಆ ಕಾಲದ ಬ್ರಿಟಿಷ್ ಗಾಡಿಗಳ ಮೇಲೆ ಹೊಳೆಯುವ ಕಡುಹಸಿರಿನ ಮೇಲೆ ನನಗೆ ಬಹಳ ಆಸೆ. 1,900 ಪೌಂಡ್ ಎತ್ತಿಟ್ಟಿದ್ದೆ. ಲೆಕ್ಕದ ಪುಸ್ತಕ ನನ್ನ ಹೆಂಡತಿಯ ಕೈಯಲ್ಲಿರುತ್ತದೆ. ಅವಳು ಕೇಳಿದಳು: "ಬಣ್ಣ ಹೊಡೆದ ಮೇಲೆ ಎಲ್ಲಿ ನಿಲ್ಲಿಸ್ತೀರಿ? ಅದೇ ಟಾರ್ಪಾಲಿನ ಅಡಿಗಾ?" ನನ್ನಲ್ಲಿ ಉತ್ತರ ಇರಲಿಲ್ಲ. ಆ ದುಡ್ಡಿನಲ್ಲಿ ರೈತರೊಬ್ಬರ ಕೊಟ್ಟಿಗೆಯಲ್ಲಿ ಜಾಗ ಹಿಡಿದೆವು, ತಿಂಗಳಿಗೆ 65 ಪೌಂಡ್, ಕರೆಂಟೂ ಇದೆ. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ತಿಂಗಳಿಗೆ 100 ಪೌಂಡ್ ತಾನಾಗಿ ಹೋಗುವಂತೆ ಮಾಡಿದಳು. ಖಾತೆಗೆ ಹೆಸರಿಡಲು ಬರುತ್ತದೆ ಇಲ್ಲಿ. ಅವಳು ಇಟ್ಟ ಹೆಸರು, ಹಂಚಿನ ದುಡ್ಡು.

ಕೊಟ್ಟಿಗೆಯ ಮಾಡೂ ಅಲ್ಲಲ್ಲಿ ಸೋರುತ್ತದೆ, ಗಾಡಿ ಮೇಳಕ್ಕೆ ಹೋದರೆ ಬಯಲಲ್ಲೇ ನಿಲ್ಲಬೇಕು. ಹಾಗಾಗಿ ಮುಚ್ಚಳಗಳ ಬೀಡಿಂಗ್ ಬದಲಾಯಿಸುವುದು ತಪ್ಪಲಿಲ್ಲ. ಸೋರುವ ಜಾಗ ಹುಡುಕುವುದನ್ನು ಆ ಹಿರಿಯರೇ ಕಲಿಸಿದರು. ಮೊದಲು ರಾತ್ರಿ ಒಳಗೆ ದೀಪ ಹಚ್ಚಿಟ್ಟು ಹೊರಗಿನಿಂದ ಸುತ್ತು ಹಾಕುವುದು. ಬೆಳಕು ಬಂದಲ್ಲಿ ನೀರಿಗೂ ದಾರಿ ಇದೆ. ಆಮೇಲೆ ಸೀಮೆಸುಣ್ಣ: ಮುಚ್ಚಳ ಕೂರುವ ಅಂಚಿಗೆ ದಟ್ಟವಾಗಿ ಬಳಿದು, ಮುಚ್ಚಿ, ತೆರೆದು, ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆ ನೋಡುವುದು. ಕೊನೆಗೆ ಪೈಪಿನ ನೀರು, ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಒಂದೇ ಜಾಗಕ್ಕೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಹರಿದು ಯಾವುದು ಸೋರಿತೆಂದೇ ತಿಳಿಯುವುದಿಲ್ಲ. ಮಗ ಒಳಗೆ ಟಾರ್ಚು ಹಿಡಿದು ಕೂತ. ನಾನು ಹೊರಗೆ ಪೈಪು ಹಿಡಿದೆ. "ಅಪ್ಪಾ, ಬಂತು!" ಎಂದು ಅವನು ಕೂಗಿದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು. ಚಾಲಕನ ಮುಂದಿನ ಮುಚ್ಚಳ, ಬಲಪಕ್ಕದ ತುರ್ತು ಬಾಗಿಲಿನ ಮೇಲಂಚು, ಟರೆಟ್ಟು ತಿರುಗುವ ಬಳೆ, ರೇಡಿಯೋ ತೆಗೆದಾಗ ಹಾಗೇ ಬಿಟ್ಟ ನಾಲ್ಕು ಬೋಲ್ಟಿನ ತೂತು. ಆ ತೂತುಗಳಿಗೆ ಬೋಲ್ಟು, ವಾಷರ್, ಒಂದಿಷ್ಟು ಸೀಲಂಟ್, ಮೂರು ಪೌಂಡಿನ ಕೆಲಸ. 2,960ರಲ್ಲಿ ಎಷ್ಟು ಪಾಲು ಆ ತೂತುಗಳಿಂದ ಇಳಿದಿತ್ತೋ!

ಬೀಡಿಂಗಿಗೆ ಒಳಗೆ ಸ್ಪಂಜಿನಂತಿರುವ ನಿಯೋಪ್ರೀನ್ ಪಟ್ಟಿ ತಂದೆ, ಹನ್ನೆರಡು ಮೀಟರಿಗೆ 42 ಪೌಂಡ್. ತುಕ್ಕಿನ ಮೇಲೆ ಅಂಟು ಹಚ್ಚಿದರೆ ಅಂಟು ತುಕ್ಕನ್ನು ಹಿಡಿಯುತ್ತದೆಯೇ ಹೊರತು ಉಕ್ಕನ್ನಲ್ಲ, ಆದ್ದರಿಂದ ಎರಡು ಶನಿವಾರ ಬರೀ ಕೆರೆದದ್ದೇ ಆಯಿತು. ಅಂಟಿಸಿದ ಮೇಲೆ ಸಿಲಿಕೋನ್ ಗ್ರೀಸ್ ಸವರಿದೆ. ನಿಲ್ಲಿಸಿಡುವಾಗ ಮುಚ್ಚಳದ ಹಿಡಿಯನ್ನು ಪೂರ್ತಿ ಬಿಗಿಯುವುದಿಲ್ಲ, ತಿಂಗಳುಗಟ್ಟಲೆ ಜಜ್ಜಿ ಕೂತ ರಬ್ಬರು ಆಮೇಲೆ ಉಬ್ಬುವುದಿಲ್ಲ. ಎಂಜಿನ್ನಿನ ಮೇಲಿನ ಜಾಲರಿಗಳನ್ನು ಮುಚ್ಚುವಂತಿಲ್ಲ, ಎಂಜಿನ್ನು ಉಸಿರಾಡಬೇಕು. ಅದಕ್ಕೆ ಹತ್ತಿಯ ಕ್ಯಾನ್ವಾಸಿನ ಹೊದಿಕೆ ಹೊಲಿಸಿದೆ, 260 ಪೌಂಡ್. ಬಿದಿರಿನ ಕಮಾನು ಕಟ್ಟಿ ಗಾಡಿಗೂ ಬಟ್ಟೆಗೂ ನಡುವೆ ಒಂದು ಅಡಿ ಬಿಟ್ಟಿದ್ದೇನೆ.

ತೇವ ಹೀರುವ ಯಂತ್ರಕ್ಕೆ 180 ಪೌಂಡ್. ಇದರಲ್ಲಿ ಎರಡು ಬಗೆ. ಮನೆಗಳಲ್ಲಿ ಇಡುವ ಕಂಪ್ರೆಸರ್ ಬಗೆ ಚಳಿಯಲ್ಲಿ ಸೋಲುತ್ತದೆ, ಕಾವಿಲ್ಲದ ಕೊಟ್ಟಿಗೆಗೆ ಡೆಸಿಕ್ಯಾಂಟ್ ಬಗೆಯೇ ಬೇಕು. ಗಾಡಿಯೊಳಗೆ ಇಟ್ಟು, ನೀರಿನ ಕೊಳವೆಯನ್ನು ಬಿರಡೆಯ ತೂತಿನಿಂದ ಹೊರಗೆ ಬಿಟ್ಟು, ಸುತ್ತ ಬಟ್ಟೆ ತುರುಕುತ್ತೇನೆ. ತೇವಾಂಶ ಶೇ. 50ರಲ್ಲಿ ನಿಂತರೆ ತುಕ್ಕಿನ ಓಟ ಬಹುತೇಕ ನಿಲ್ಲುತ್ತದೆ. ಅದಕ್ಕೆ ದಿನಕ್ಕೆ ಒಂದು ಯೂನಿಟ್ಟಿನ ಆಸುಪಾಸು ಕರೆಂಟು ಸಾಕು.

ಕಬ್ಬಿಣವಲ್ಲದ್ದಕ್ಕೆ ಈ ಚಿಂತೆ ಇಲ್ಲವೆಂದು ಕೆಲವರು ಅಂದುಕೊಂಡಿದ್ದಾರೆ. ಗೆಳೆಯರೊಬ್ಬರ ಹತ್ತಿರ ಆಲ್ವಿಸ್ ಕಂಪನಿಯ ಸ್ಪಾರ್ಟನ್ ಎಂಬ ಸೇನಾ ಗಾಡಿ ಇದೆ, ಕವಚ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟು, ಎರಡರ ನಡುವೆ ನೀರು ನಿಂತರೆ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಅವರಿಗೆ ನನಗಿಂತ ದೊಡ್ಡ ಬಿಲ್ಲು ಬಂತು.

ನೀರು ತಡೆಯುವ ನನ್ನ ಈ ಏರ್ಪಾಡೆಲ್ಲ ಮೊದಲ ವರ್ಷ ಕೊಟ್ಟಿಗೆ ಬಾಡಿಗೆ ಸೇರಿ 1,400 ಪೌಂಡಿನ ಒಳಗೆ ಮುಗಿಯಿತು, ಆಮೇಲೆ ವರ್ಷಕ್ಕೆ ಸಾವಿರ ದಾಟಿಲ್ಲ. ಇದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ತಿಂಗಳಿಗೆ ನೂರು ಪೌಂಡ್ ಎತ್ತಿಡಲು ಆಗದವರು ಇಂಥ ಗಾಡಿಯನ್ನು ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. ಕೊಳ್ಳಲು ಹೊರಟವರು ಯಾರಾದರೂ ಕೇಳಿದರೆ ಬಣ್ಣ ನೋಡಬೇಡಿ, ತಳದ ತಗಡು ಎತ್ತಿಸಿ, ಬಿರಡೆ ಬಿಚ್ಚಿಸಿ ಎನ್ನುತ್ತೇನೆ. ಬಿರಡೆ ಬಿಚ್ಚಲು ಹಿಂಜರಿಯುವ ಮಾರಾಟಗಾರರಿಂದ ಕೊಳ್ಳಬೇಡಿ.

ಕಡುಹಸಿರು ಬಣ್ಣ ಇನ್ನೂ ಆಗಿಲ್ಲ. ಹೋದ ಭಾನುವಾರ ಜಿಟಿಜಿಟಿ ಮಳೆಯಲ್ಲಿ ಕೊಟ್ಟಿಗೆಗೆ ಹೋಗಿ ಕ್ಯಾನ್ವಾಸು ಸರಿಸಿ, ಒಳಗಿಳಿದು ತಳದ ತಗಡು ಎತ್ತಿದೆ. ಕೈ ಹಾಕಿ ಒರೆಸಿದರೆ ಬೆರಳಿಗೆ ಹತ್ತಿದ್ದು ಎಣ್ಣೆ ಬೆರೆತ ಒಣ ದೂಳು. ಮುಗ್ಗಲು ವಾಸನೆ ಇಲ್ಲ. ಎಡಪಕ್ಕದ ಕಿಂಡಿಯ ಮುಚ್ಚಳದ ಮೂಲೆಯಲ್ಲಿ ಮಾತ್ರ ಒಂದು ಹನಿ ಇಳಿದ ಗೆರೆ ಕಂಡಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದು ಹೆಂಡತಿಗೆ ಹೇಳಿದೆ. ಅವಳು ಪುಸ್ತಕ ತೆಗೆದು ಬರೆದಳು: ಬೀಡಿಂಗ್, ಎರಡು ಮೀಟರ್, ಹಂಚಿನ ದುಡ್ಡು.