ಕಂತಿನ ಸಾಲದ ಸಾಧನಕ್ಕೆ ದೂರದ ಬೀಗ

ಹಿಂದೆ ಕಂತು ತಪ್ಪಿದರೆ ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಿದ್ದರು. ಈಗ ಅವರು ಬಾರದೆಯೇ, ಸಾಲದಲ್ಲಿ ಕೊಂಡ ಸಾಧನವನ್ನು ದೂರದಿಂದಲೇ ನಿಲ್ಲಿಸುವ ತಂತ್ರ ಬಂದಿದೆ. ಕಂತಿನ ಮೇಲೆ ಮೊಬೈಲ್ ಇಲ್ಲವೆ ಸೌರ ಸಾಧನ ಕೊಳ್ಳುವ ರೈತರು ಇದನ್ನು ಅರಿತಿರುವುದು ಅವಶ್ಯಕ.

ಬೀಗ ಕೆಲಸ ಮಾಡುವ ಬಗೆ

ಆಫ್ರಿಕಾದ ಕೀನ್ಯಾ ದೇಶದಲ್ಲಿ ಎಂ-ಕೋಪಾ ಸಂಸ್ಥೆಯು 2012 ರಿಂದ ಮನೆಗಳಿಗೆ ಸೌರ ದೀಪಗಳನ್ನು ಕಂತಿನ ಮೇಲೆ ಒದಗಿಸಿತು. ದೀಪದ ನಿಯಂತ್ರಣ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ಹಣ ಸಂದಾಯವಾದರೆ ದೀಪ ಉರಿಯುತ್ತದೆ, ನಿಂತರೆ ಆರುತ್ತದೆ, ಮತ್ತೆ ಕಟ್ಟಿದರೆ ಉರಿಯುತ್ತದೆ. ಜಾಮೀನು ಕೊಡಲಾಗದ ಕುಟುಂಬಗಳಿಗೂ ಇದರಿಂದ ಸಾಲ ದೊರೆಯಿತು.

ಮೊಬೈಲಿನಲ್ಲಿ ಮಾರಾಟದ ವೇಳೆಯಲ್ಲೇ ಒಂದು ಆ್ಯಪ್ ಹಾಕಿರುತ್ತಾರೆ. ಕಂತು ತಪ್ಪಿದಾಗ ಇಂಟರ್ನೆಟ್ ಮೂಲಕ ಆಜ್ಞೆ ಬಂದು ಪರದೆ ಮುಚ್ಚಿಕೊಳ್ಳುತ್ತದೆ.

ರೈತರಿಗೆ ಆಗುವ ತೊಂದರೆ

ಇಂದು ಪೇಟೆ ಧಾರಣೆ, ಮಳೆ ಮುನ್ಸೂಚನೆ, ಬೆಳೆ ಸಮೀಕ್ಷೆ, ಬ್ಯಾಂಕಿನ ಓಟಿಪಿ ಎಲ್ಲವೂ ಮೊಬೈಲಿನಲ್ಲಿವೆ. ಅದು ನಿಂತರೆ ಕಂತು ಕಟ್ಟಲು ಬೇಕಾದ ದುಡಿಮೆಗೇ ಅಡ್ಡಿಯಾಗುತ್ತದೆ. ಮಳೆ ಕೈಕೊಟ್ಟಿತೋ, ಕಾಯಿಲೆ ಬಂದಿತೋ ಎಂದು ಯಂತ್ರ ವಿಚಾರಿಸುವುದಿಲ್ಲ.

ಮುಖ್ಯ ತೊಡಕೆಂದರೆ ಕಂತು ತಿಂಗಳಿಗೊಮ್ಮೆ, ಬೆಳೆಯ ಹಣ ಸುಗ್ಗಿಗೊಮ್ಮೆ. ಉದಾಹರಣೆಗೆ, ತಿಂಗಳಿಗೆ 1,200 ರೂಪಾಯಿಯಂತೆ 10 ಕಂತಿನ ಮೊಬೈಲನ್ನು ರಾಗಿ ಬೆಳೆಗಾರರೊಬ್ಬರು ಜೂನ್‌ನಲ್ಲಿ ಕೊಂಡರೆಂದಿಟ್ಟುಕೊಳ್ಳೋಣ. ಡಿಸೆಂಬರ್‌ನಲ್ಲಿ ರಾಗಿ ಮಾರುವ ಮೊದಲೇ ಜುಲೈನಿಂದ ನವೆಂಬರ್‌ವರೆಗೆ 5 ಕಂತು, ಅಂದರೆ 6,000 ರೂಪಾಯಿ ಕಟ್ಟಬೇಕಾಗುತ್ತದೆ. ಬಿತ್ತನೆ, ಗೊಬ್ಬರ, ಕಳೆ ಕೂಲಿಯ ಖರ್ಚೂ ಇದೇ ಕಾಲದ್ದು.

ಅನುಸರಿಸಬೇಕಾದ ಕ್ರಮಗಳು

1. ಸಾಧ್ಯವಾದಷ್ಟೂ ಸುಗ್ಗಿಯ ನಂತರ ಕೊಳ್ಳಬೇಕು. ಮುಂಚೆಯೇ ಬೇಕಿದ್ದರೆ ಬೆಳೆ ಬರುವವರೆಗಿನ ಕಂತುಗಳ ಹಣವನ್ನು ಬೇರೆ ತೆಗೆದಿಡಬೇಕು.

2. ರಿಸರ್ವ್ ಬ್ಯಾಂಕಿನ ನಿಯಮದಂತೆ 1 ಅಕ್ಟೋಬರ್ 2024 ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂತಹ ಸಾಲಗಳ ಬಡ್ಡಿ, ಶುಲ್ಕ, ವಸೂಲಿ ವಿವರದ ಪತ್ರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆಯತಕ್ಕದ್ದು.

3. ಸಹಿಗೆ ಮುನ್ನ ನಾಲ್ಕು ಪ್ರಶ್ನೆ ಕೇಳಬೇಕು: ಬೀಗದ ಆ್ಯಪ್ ಇದೆಯೇ? ಕಂತು ತಪ್ಪಿದ ಎಷ್ಟು ದಿನಕ್ಕೆ, ಯಾವ ಮುನ್ಸೂಚನೆಯೊಡನೆ ಬೀಗ ಬೀಳುತ್ತದೆ? ಆಗ ಯಾವ ಸೇವೆ ಉಳಿಯುತ್ತದೆ? ಸಾಲ ತೀರಿದ ಮೇಲೆ ಆ್ಯಪ್ ತೆಗೆಯುವವರು ಯಾರು? ಉತ್ತರಗಳು ಕಾಗದದಲ್ಲಿರಬೇಕು.

4. ಮುಖ್ಯ ಫೋನ್ ನಂಬರುಗಳನ್ನೂ ಖಾತೆ ವಿವರವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿ ಕಂತಿನ ರಸೀತಿ ಜೋಪಾನವಾಗಿರಲಿ.

5. ಕಂತು ತಪ್ಪುವಂತಿದ್ದರೆ ಗಡುವಿಗೆ ಮೊದಲೇ ಲಿಖಿತವಾಗಿ ಕಾಲಾವಕಾಶ ಕೋರಬೇಕು.

6. ಅನ್ಯಾಯವಾದರೆ ಮೊದಲು ಸಾಲ ಕೊಟ್ಟವರಿಗೇ ದೂರು ಕೊಡಬೇಕು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ.

ಸಾಧನ ಕೈಯಲ್ಲಿದ್ದರೂ ಸಾಲ ತೀರುವವರೆಗೆ ಅದರ ಬೀಗದ ಕೈ ಬೇರೆಯವರಲ್ಲಿರುತ್ತದೆ. ಆದ್ದರಿಂದ ಬೆಲೆಯ ಜೊತೆಗೆ ಬೀಗದ ಷರತ್ತನ್ನೂ ತಿಳಿದು ಕೊಳ್ಳುವುದೇ ಜಾಣತನ.