೪೬ ಇದ್ದದ್ದು ೨೩ ಆಗುವ ಬಗೆ

ನಮ್ಮ ಮೈಯ ಜೀವಕೋಶಗಳಲ್ಲಿ ೪೬ ವರ್ಣತಂತುಗಳಿರುತ್ತವೆ. ಕಾಲೇಜಿನ ಪುಸ್ತಕಗಳು ಕ್ರೋಮೊಸೋಮ್ ಎನ್ನುವುದು ಇವನ್ನೇ. (೧೯೫೬ರಲ್ಲಿ ಚಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಸರಿಯಾಗಿ ಎಣಿಸಿ ತೋರಿಸುವವರೆಗೆ ಪಂಡಿತರೆಲ್ಲ ೪೮ ಎಂದೇ ನಂಬಿದ್ದರು!) ತಂದೆಯ ೪೬, ತಾಯಿಯ ೪೬ ಹಾಗೆಯೇ ಕೂಡಿದ್ದರೆ ಮಗುವಿಗೆ ೯೨, ಮೊಮ್ಮಗುವಿಗೆ ೧೮೪ ಆಗಬೇಕಿತ್ತು. ಹಾಗಾಗದಂತೆ ತಡೆಯುವುದು ಮಿಯಾಸಿಸ್ ಎಂಬ ವಿಭಜನೆ. ಇದರಲ್ಲಿ ವರ್ಣತಂತುಗಳು ಇಮ್ಮಡಿಯಾಗುವುದು ಒಮ್ಮೆ. ಕೋಶ ಒಡೆಯುವುದು ಎರಡು ಬಾರಿ.

ಮೊದಲು ಪ್ರತಿಯೊಂದು ವರ್ಣತಂತುವೂ ತನ್ನ ಪ್ರತಿಯನ್ನು ತಯಾರಿಸಿಕೊಂಡು, ಒಂದೆಡೆ ಅಂಟಿಕೊಂಡ ಎರಡು ಎಳೆಗಳಾಗಿ ನಿಲ್ಲುತ್ತದೆ. ಆಮೇಲೆ ತಂದೆಯಿಂದ ಬಂದ ಒಂದನೆಯದು ತಾಯಿಯಿಂದ ಬಂದ ಒಂದನೆಯದನ್ನು ಸೇರಿ, ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ಪಕ್ಕಪಕ್ಕಕ್ಕೆ ಬರುತ್ತದೆ. ಉಳಿದವೂ ಹೀಗೆಯೇ. ಈ ಸಾಮೀಪ್ಯದಲ್ಲಿ ಅವು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಜೋಡಿಗಳು ಕೋಶದ ನಡುವೆ ಸಾಲುಗೊಂಡು, ಜೊತೆಗಾರರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಸರಿಯುತ್ತಾರೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ: ಈಗ ಬೇರೆಯಾಗುವುದು ಜೋಡಿ, ಎಳೆಗಳಲ್ಲ. ಎಳೆಗಳು ಅಗಲುವುದು ಎರಡನೆಯ ವಿಭಜನೆಯಲ್ಲಿ. ಅದು ಸಾಮಾನ್ಯ ವಿಭಜನೆಯಂತೆಯೇ ಇರುವುದರಿಂದ ಹೆಚ್ಚು ಹೇಳಬೇಕಾದುದಿಲ್ಲ. ಯಾವುದು ಯಾವ ಕಡೆಗೆ ಹೋಗುವುದೆಂಬುದು ಆಕಸ್ಮಿಕ. ೨೩ ಜೋಡಿಗಳಿಗೆ ೮೩,೮೮,೬೦೮ ಬಗೆಯ ಹಂಚಿಕೆ ಸಾಧ್ಯ! ಒಡಹುಟ್ಟಿದವರು ಒಂದೇ ಅಚ್ಚಿನಲ್ಲಿ ಇಲ್ಲದಿರುವುದರಲ್ಲಿ ಸೋಜಿಗವೇನು?

ಹೆಂಗಸರಲ್ಲಿ ಈ ಕೆಲಸ ಅವರು ಹುಟ್ಟುವ ಮೊದಲೇ ಆರಂಭವಾಗುತ್ತದೆ. ನಮ್ಮನ್ನು ಹುಟ್ಟಿಸಿದ ಅಂಡವು ತನ್ನ ವಿಭಜನೆಯನ್ನು ತೊಡಗಿದ್ದು, ನಮ್ಮ ತಾಯಿ ಇನ್ನೂ ಅಜ್ಜಿಯ ಗರ್ಭದಲ್ಲಿದ್ದಾಗ! ಜೋಡಿ ಕೂಡಿ, ತುಂಡುಗಳ ವಿನಿಮಯವೂ ಮುಗಿದು, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಂದು ಅಂಡ ಹನ್ನೆರಡು ವರ್ಷ ಕಾಯಬಹುದು, ಇನ್ನೊಂದು ನಲವತ್ತು. ಕಾಲ ಕಳೆದಂತೆ ವರ್ಣತಂತುಗಳನ್ನು ಹಿಡಿದಿಟ್ಟ ಬಿಗಿ ಸಡಿಲವಾಗಿ, ಯಾವುದೋ ಒಂದು ಜೋಡಿ ಸರಿಯಾಗಿ ಹಂಚಿಹೋಗದೆ ಒಂದೇ ಕಡೆಗೆ ಸರಿಯುವುದುಂಟು. ಅದು ೨೧ನೆಯ ಜೋಡಿಯಾದರೆ ಮಗುವಿಗೆ ೪೭ ವರ್ಣತಂತುಗಳು. ಡೌನ್ ಲಕ್ಷಣಗಳುಳ್ಳ ಮಕ್ಕಳಲ್ಲಿ ಈ ಹೆಚ್ಚಿನ ವರ್ಣತಂತುವನ್ನು ೧೯೫೯ರಲ್ಲಿ ಲೆಜೂನ್, ಗೋತಿಯೆ, ತ್ಯುರ್ಪ್ಯಾ ಎಂಬ ಮೂವರು ಫ್ರೆಂಚರು ಪ್ರಕಟಪಡಿಸಿದರು.

ಇಂಥ ಮಗು ಹುಟ್ಟಿದ ಮನೆಗಳಲ್ಲಿ, ಬಸುರಿನಲ್ಲಿ ಏನು ತಿಂದಳು, ಗ್ರಹಣ ನೋಡಿದಳೇ ಎಂದು ತಾಯಿಯನ್ನು ವಿಚಾರಣೆಗೆ ನಿಲ್ಲಿಸುವುದನ್ನು ನಾವು ಬಲ್ಲೆವು. ಇದು ಚಿಕ್ಕ ವಯಸ್ಸಿನ ತಾಯಂದಿರಲ್ಲಿಯೂ ಆಗುತ್ತದೆ. ಕೆಲವು ಸಲ ಆ ಹೆಚ್ಚಿನ ವರ್ಣತಂತು ತಂದೆಯ ಕಡೆಯಿಂದಲೇ ಬಂದಿರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಈ ತಪ್ಪು ಹಂಚಿಕೆ ಗರ್ಭ ನಿಲ್ಲುವ ಮೊದಲೇ ನಡೆದುಹೋಗಿರುತ್ತದೆ.