ತೋಟದ ಬಲೆಜೇಡ: ಅದರ ಗುರುತು ಮತ್ತು ನಡೆವಳಿ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಗಳಲ್ಲಿ ಮಳೆ ಹಿಂದೆಗೆದ ಮೇಲೆ ಅಡಿಕೆ ತೋಟದ ಅಂಚಿನಲ್ಲಿಯೂ ಬೇಲಿಯ ಗಿಡಗಳ ನಡುವೆಯೂ ಗಾಡಿಯ ಚಕ್ರದಂತಹ ದೊಡ್ಡ ಬಲೆಗಳು ಕಾಣಬರುತ್ತವೆ. ಕೆಲಸದಾಳುಗಳು ಇವುಗಳನ್ನು ವಿಷಜಂತುವಿನ ಮನೆಯೆಂದು ಭಾವಿಸಿ ಕೋಲಿನಿಂದ ಕೆಡಹಿ, ಜೇಡವನ್ನು ತುಳಿದು ಕೊಲ್ಲುವುದುಂಟು. ಈ ಪ್ರಾಣಿಯನ್ನು ಸರಿಯಾಗಿ ಗುರುತಿಸಿದರೆ ಹಾಗೆ ಮಾಡಲು ಕಾರಣವಿಲ್ಲವೆಂದು ತಿಳಿಯುವುದು.

ಬಲೆಯ ನಡುವೆ ತಲೆ ಕೆಳಗಾಗಿ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಚಿಹ್ನೆಯಂತೆ ಚಾಚಿಕೊಂಡು ಕುಳಿತಿರುವುದೇ ಇದರ ಮುಖ್ಯ ಗುರುತು. ಹೊಟ್ಟೆಯ ಮೇಲೆ ಹಳದಿ ಮತ್ತು ಕಂದು ಬಣ್ಣದ ಅಡ್ಡಪಟ್ಟೆಗಳಿರುತ್ತವೆ. ಹೆಣ್ಣಿನ ದೇಹ ಸುಮಾರು ಅರ್ಧ ಅಂಗುಲದೊಳಗಿದ್ದು, ಗಂಡು ಅದಕ್ಕಿಂತ ಬಹಳ ಚಿಕ್ಕದು. ಕಾಲುಗಳ ನೇರದಲ್ಲಿ ಬಲೆಯ ಮೇಲೆ ಬಿಳಿಯ ನೂಲಿನ ಅಂಕುಡೊಂಕು ಗೆರೆಗಳನ್ನು ಇದು ನೇಯುತ್ತದೆ. ಬರಹದಂತೆ ತೋರುವ ಈ ಗೆರೆಗಳಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ 'ಸಿಗ್ನೇಚರ್ ಸ್ಪೈಡರ್', ಎಂದರೆ ರುಜು ಹಾಕುವ ಜೇಡ, ಎಂಬ ಹೆಸರು ಬಂದಿದೆ. ಶಾಸ್ತ್ರಜ್ಞರು ಇದರ ಕುಲವನ್ನು ಆರ್ಗಿಯೋಪ್ ಎನ್ನುತ್ತಾರೆ. ಗೆರೆಗಳು ಕೀಟಗಳನ್ನು ಸೆಳೆಯಲಿಕ್ಕೆಂದು ಕೆಲವರೂ, ಹಕ್ಕಿಗಳು ಬಲೆಯನ್ನು ಹರಿಯದಂತೆ ಎಚ್ಚರಿಸಲಿಕ್ಕೆಂದು ಕೆಲವರೂ ಹೇಳುವರು.

ಅಡಿಕೆ ಮರಗಳ ನಡುವೆ ಒಂದು ಗಜಕ್ಕೂ ಮಿಗಿಲಾದ ಬಂಗಾರದ ಬಣ್ಣದ ಬಲೆ ಕಟ್ಟುವ, ಉದ್ದವಾದ ಕಪ್ಪು ಕಾಲುಗಳ ಜೇಡವು ಬೇರೊಂದು ಜಾತಿ. ನೋಡುವುದಕ್ಕೆ ಭಯಂಕರವಾದರೂ ಅದೂ ನಿರಪಾಯಕಾರಿಯೇ.

ಬಲೆಯ ಅಡ್ಡ ಸುತ್ತುಗಳ ನೂಲು ಅಂಟು. ನಡುವಿನಿಂದ ಹೊರಡುವ ಅರೆಗಳ ನೂಲಿಗೆ ಅಂಟಿಲ್ಲ. ಜೇಡಕ್ಕೆ ಕಣ್ಣು ಮಂದವಾದ್ದರಿಂದ ಅದು ನೂಲಿನ ಅದುರುವಿಕೆಯಿಂದಲೇ ಬೇಟೆಯನ್ನು ತಿಳಿಯುತ್ತದೆ. ಮಿಡತೆ ಸಿಕ್ಕಿದೊಡನೆ ಓಡಿಹೋಗಿ, ಹಿಂಗಾಲುಗಳಿಂದ ನೂಲನ್ನೆಳೆದು ಅದನ್ನು ಸುತ್ತಿ ಕಟ್ಟಿ, ಬಳಿಕ ಕಚ್ಚುತ್ತದೆ. ಆ ವಿಷವು ಕೀಟವನ್ನು ಜಡಗೊಳಿಸಲು ಸಾಕು, ಮನುಷ್ಯನಿಗೆ ಬಾಧಕವಲ್ಲ. ಮನುಷ್ಯನು ಸಮೀಪಿಸಿದರೆ ಜೇಡವು ಬಲೆಯನ್ನು ಜೋರಾಗಿ ಅಲುಗಿಸುವುದು, ಇಲ್ಲವೆ ನೆಲಕ್ಕೆ ಬಿದ್ದು ಅಡಗುವುದು. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಕಚ್ಚೀತು. ಆಗಲೂ ಅಲ್ಪ ನೋವು, ಸ್ವಲ್ಪ ಬಾವು, ಅಷ್ಟೇ.

ಮೈಮೇಲೆ ಗುಳ್ಳೆಯೆದ್ದರೆ ಜೇಡ ಹರಿದದ್ದರಿಂದ ಆಯಿತೆನ್ನುವ ವಾಡಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಇಂತಹ ಗುಳ್ಳೆಗಳನ್ನು ಅನೇಕ ವೇಳೆ ಉಂಟುಮಾಡುವುದು ರಾತ್ರಿ ದೀಪಕ್ಕೆ ಬರುವ, ಕಿತ್ತಳೆ ಮತ್ತು ಕಪ್ಪು ಬಣ್ಣದ ಸಣ್ಣ ಹುಳು. ಅದನ್ನು ಚರ್ಮದ ಮೇಲೆ ಉಜ್ಜಿದರೆ ಅದರ ರಸವು ಸುಡುತ್ತದೆ. ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುವ ನೋವಿನ ಗುಳ್ಳೆಗಳು ಸರ್ಪಸುತ್ತು ಎಂಬ ಬೇರೆಯೇ ರೋಗ. ಇದಕ್ಕೆ ಔಷಧವು ಮೊದಲ ಮೂರು ದಿನಗಳೊಳಗೆ ಆರಂಭವಾದರೆ ಹೆಚ್ಚು ಗುಣ. ಜೇಡದ ಮೇಲೆ ದೋಷ ಹೊರಿಸಿ ಸೊಪ್ಪಿನ ರಸ ಹಚ್ಚುತ್ತ ಕಾಲ ಕಳೆದರೆ ರೋಗಿಗೆ, ಅದರಲ್ಲಿಯೂ ವೃದ್ಧರಿಗೆ, ತಿಂಗಳುಗಟ್ಟಲೆ ನೋವು ಉಳಿದೀತು. ಗ್ರಾಮದ ಮುಖ್ಯಸ್ಥರು ಇಂಥವರನ್ನು ಕೂಡಲೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು.

ಗೋಡಂಬಿಯ ಚಿಗುರನ್ನು ಕೆಡಿಸುವ ಟೀ ಸೊಳ್ಳೆಯನ್ನು ತಿನ್ನುವ ಪ್ರಾಣಿಗಳಲ್ಲಿ ಜೇಡಗಳೂ ಸೇರಿವೆ. ಜೇಡವೊಂದರಿಂದಲೇ ಪೀಡೆ ನಿಂತೀತೆಂದು ನಂಬಬಾರದು; ಆದರೆ ಇರುವ ಸಹಾಯವನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೋಡಂಬಿ ತೋಪುಗಳ ಮೇಲೆ ಇದೇ ಕೀಟಕ್ಕಾಗಿ 1980 ಮತ್ತು 1990ರ ದಶಕಗಳಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಲ್ಲಿನ ಕುಟುಂಬಗಳು ಪಟ್ಟ ಕಷ್ಟವನ್ನು ಇಲ್ಲಿ ವಿವರಿಸಬೇಕಾದ್ದಿಲ್ಲ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಔಷಧವನ್ನು ದೇಶದಾದ್ಯಂತ ತಡೆಯಿತು. ಮೇಲಿನಿಂದ ಸುರಿಯುವ ವಿಷವು ಪೀಡೆಯ ಕೀಟವನ್ನೂ ಅದನ್ನು ತಿನ್ನುವ ಜೇಡವನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ.

ದಾರಿಗೆ ಅಡ್ಡವಾದ ಬಲೆಯನ್ನು ಹರಿಯದೆ, ಅದರ ಆಧಾರದ ನೂಲನ್ನು ಕಡ್ಡಿಯಿಂದ ಬಿಡಿಸಿ ಪಕ್ಕದ ಗಿಡಕ್ಕೆ ತಗಲಿಸಿದರೆ ಸಾಕು. ಜೇನುಪೆಟ್ಟಿಗೆಯ ಬಾಗಿಲ ಮುಂದಿನ ಬಲೆಯನ್ನು ಮಾತ್ರ ತೆಗೆಯಲೇಬೇಕು. ಜೇಡವು ಜೇನುನೊಣವನ್ನೂ ಬಿಡುವುದಿಲ್ಲ. ತೆಗೆದ ಜೇಡವನ್ನು ಎಲೆಯ ಮೇಲೆ ಹತ್ತಿಸಿ, ಪೆಟ್ಟಿಗೆಯಿಂದ ದೂರದ ಬೇಲಿಯಲ್ಲಿ ಬಿಡಬಹುದು.